ನಾಲ್ಕನೇ ಕ್ಲಾಸಿಗೆ ಹೊಲದ ಇಂಗ್ಲಿಷ್: ಪದಪಟ್ಟಿ ಬೇಡ

ಮೇಡಂ, ನಿಮ್ಮ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಎಬಿಸಿಡಿ ಬರುತ್ತದೆ, ಬಾಯಿಬಿಟ್ಟು ಒಂದು ವಾಕ್ಯ ಹೇಳಲು ಬರುವುದಿಲ್ಲ, ಬೇಸಾಯದ ವಿಷಯದಿಂದ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ. ಆದರೆ ಹಸು, ನೇಗಿಲು, ಟ್ರ್ಯಾಕ್ಟರ್ ಅಂತ ಪಟ್ಟಿ ಬರೆಸಿ ಬಾಯಿಪಾಠ ಮಾಡಿಸಬೇಡಿ. ಅದರಿಂದ ಮಾತು ಹುಟ್ಟುವುದಿಲ್ಲ.

ಮೊದಲು ಕೆಲಸ ಹೇಳುವ ಮಾತು ಸಾಕು. ‘ಡಿಗ್’, ‘ಪೋರ್ ವಾಟರ್’, ‘ಪುಲ್ ದ ವೀಡ್ಸ್’. ನೀವು ಹೇಳುತ್ತಾ ಮಾಡಿ ತೋರಿಸಿ, ಮಕ್ಕಳು ಸುಮ್ನೆ ಮಾಡಲಿ. ಮಾತಾಡು ಅಂತ ಒತ್ತಾಯ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ ಹೇಳಿದ್ದೂ ಇದೇ ದಾರಿ: ಮೊದಲು ಕಿವಿ, ಕೈಕಾಲು. ಬಾಯಿ ಆಮೇಲೆ.

ಜೊತೆಗೆ ಒಡೆದ ಬಿಂದಿಗೆಯ ತಳಕ್ಕೆ ಮಣ್ಣು ತುಂಬಿ ಮೆಂತ್ಯ ಹಾಕಿಸಿ. ವಾರದೊಳಗೆ ಮೊಳಕೆ ಬರುತ್ತದೆ. ದಿನಾ ಒಬ್ಬರು ಸ್ಕೇಲ್ ಹಿಡಿದು ಅಳೆಯಲಿ, ಬೋರ್ಡಿನ ಮೇಲೆ ‘ಟುಡೇ ಇಟ್ ಈಸ್ ಟೂ ಸೆಂಟಿಮೀಟರ್ಸ್ ಟಾಲ್’ ಅಂತ ಬರೆಯಲಿ. ಮರುದಿನ ಅಂಕಿ ಮಾತ್ರ ಬದಲು. ನಿನ್ನೆಯ ಸಾಲನ್ನು ‘ಯೆಸ್ಟರ್ಡೇ ಇಟ್ ವಾಸ್’ ಅಂತ ತಿದ್ದಿಸಿದರೆ ಭೂತಕಾಲವೂ ಬಂತು, ವ್ಯಾಕರಣದ ಹೆಸರೇ ಎತ್ತಬೇಕಿಲ್ಲ ಅಲ್ವಾ?

ಆಮೇಲೆ ಸಂತೆ ಆಟ. ‘ಹೌ ಮಚ್?’, ‘ಟೂ ಮಚ್!’, ‘ಗಿವ್ ಮಿ ಹಾಫ್ ಕೆಜಿ’ ಇಷ್ಟೇ ಸಾಕು. ಚೌಕಾಸಿ ಮಾಡುವುದನ್ನು ಹಳ್ಳಿ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ಬೆಂಚಿನವರೂ ಇಲ್ಲಿ ಬಾಯಿ ಬಿಡುತ್ತಾರೆ.

ಕುಂಟೆ, ಕೂರಿಗೆ ಅಂತ ಮಧ್ಯೆ ಕನ್ನಡ ಬಂದರೆ ತಡೆಯಬೇಡಿ, ವಾಕ್ಯ ಮುಗಿಸಲು ಬಿಡಿ. ಮತ್ತೆ, ಪರೀಕ್ಷೆಗೆ ಸ್ಪೆಲ್ಲಿಂಗ್ ಬೇಕೇ ಬೇಕು. ಅದಕ್ಕೆ ಬೋರ್ಡಿನ ಮೇಲಿನ ಮೆಂತ್ಯದ ಸಾಲುಗಳನ್ನೇ ಕಾಪಿ ಬರೆಸಿ.