ಮ್ಯಾಂಚೆಸ್ಟರ್ ನಗರ ಸುರಂಗ ಮೆಟ್ರೊ ಬಿಟ್ಟು ಲಘು ರೈಲನ್ನು ಆರಿಸಿಕೊಂಡದ್ದೇಕೆ?

ಸುರಂಗಕ್ಕೆ ಹಣ ಸಿಗಲಿಲ್ಲ, ಅದೇ ಕೆಲಸವನ್ನು ಲಘು ರೈಲು ರಸ್ತೆಯ ಮೇಲೆಯೇ ಮಾಡಬಲ್ಲದಾಗಿತ್ತು.

ಇಂಗ್ಲೆಂಡಿನ ಈ ನಗರದ ಎರಡು ಪ್ರಮುಖ ನಿಲ್ದಾಣಗಳಾದ ವಿಕ್ಟೋರಿಯಾ ಮತ್ತು ಪಿಕಡಿಲಿ ನಗರಕೇಂದ್ರದ ಎರಡು ಅಂಚುಗಳಲ್ಲಿವೆ. ಉತ್ತರದಿಂದ ಬಂದವರು ದಕ್ಷಿಣಕ್ಕೆ ಹೋಗಲು ನಡುವೆ ಇಳಿದು ನಡೆಯಬೇಕಿತ್ತು, ಇಲ್ಲವೇ ಬಸ್ ಹಿಡಿಯಬೇಕಿತ್ತು. ಅವನ್ನು ಬೆಸೆಯುವ ಸುರಂಗ ಯೋಜನೆಯನ್ನು 1970ರ ದಶಕದಲ್ಲಿ ಕೈಬಿಡಲಾಯಿತು.

ಲಘು ರೈಲಿನ ಬೋಗಿಗಳು ಹಗುರ. ಕಡಿದಾದ ಏರು, ಬಿಗಿ ತಿರುವು ಎರಡನ್ನೂ ಅವು ನಿಭಾಯಿಸುತ್ತವೆ. ರಸ್ತೆಯಲ್ಲಿ ಚಾಲಕ ಮುಂದೆ ಕಣ್ಣಿಟ್ಟು, ಬೇಕಾದಲ್ಲಿ ನಿಲ್ಲಿಸುವಷ್ಟೇ ವೇಗದಲ್ಲಿ ಓಡಿಸುತ್ತಾನೆ. ಹಾಗಾಗಿ 1992ರಲ್ಲಿ ಆರಂಭವಾದ ಮೆಟ್ರೊಲಿಂಕ್ ಎಂಬ ಈ ಲಘು ರೈಲು, ಬರಿ (Bury) ಮತ್ತು ಆಲ್ಟ್ರಿಂಚಮ್ ಎಂಬ ಹತ್ತಿರದ ಪಟ್ಟಣಗಳ ಹಳೆಯ ರೈಲುಹಳಿಗಳ ಮೇಲೆ ವೇಗವಾಗಿ ಬಂದು, ನಗರದೊಳಗೆ ಟ್ರಾಮ್ ಆಗಿ ಬೀದಿಯಲ್ಲೇ ಸಾಗಿತು. ಹಳೆಯ ನಿಲ್ದಾಣಗಳ ಎತ್ತರದ ಪ್ಲಾಟ್‌ಫಾರಂಗಳನ್ನು ಉಳಿಸಿಕೊಂಡದ್ದು ನನ್ನ ದೃಷ್ಟಿಯಲ್ಲಿ ಜಾಣ ನಿರ್ಧಾರ, ಬೀದಿಯ ನಿಲ್ದಾಣಗಳನ್ನೂ ಎತ್ತರಿಸಬೇಕಾಗಿ ಬಂದರೂ. ಗಾಲಿಕುರ್ಚಿಯವರು ಮೆಟ್ಟಿಲಿಲ್ಲದೆ ನೇರವಾಗಿ ಒಳಹೋಗಬಹುದು.

ಇಂದು ಜಾಲ 100 ಕಿಲೋಮೀಟರ್ ದಾಟಿದೆ, 99 ನಿಲ್ದಾಣಗಳಿವೆ. ವಿಮಾನ ನಿಲ್ದಾಣಕ್ಕೂ ಸಂಪರ್ಕವಿದೆ. ಆದರೆ ಟ್ರಾಮ್ ತಲುಪದ ಬಡಾವಣೆಗಳು ಇನ್ನೂ ಬಹಳ. ಅಲ್ಲಿ ಬಸ್ಸೇ ಆಧಾರ.