ಬೆರಳ ಗೆಣ್ಣುದ್ದದ ಸೈನಿಕನ ಪೀಠಕ್ಕೆ ಯಾವ ಸಾಮಾನು?

ಪ್ರಶ್ನೆ: 28 ಮಿ.ಮೀ. ಅಳತೆಯ ಲೋಹದ ಸೈನಿಕ ಗೊಂಬೆಗಳನ್ನು 25 ಮಿ.ಮೀ. ದುಂಡು ಪೀಠದ ಮೇಲೆ ಕೂಡಿಸುತ್ತೇನೆ. ಹೊಲದ ಎರೆಮಣ್ಣನ್ನು ಫೆವಿಕಾಲ್‌ನಲ್ಲಿ ಕಲಸಿ ಹಚ್ಚಿದರೆ ಒಣಗಿದ ಮೇಲೆ ಬಿರಿಯುತ್ತದೆ. ಫೆವಿಕ್ವಿಕ್‌ನಿಂದ ಅಂಟಿಸಿದ ಗೊಂಬೆಯೂ ಕಳಚಿ ಬೀಳುತ್ತದೆ. ಈ ಕೆಲಸದ ಇಪ್ಪತ್ತು ಸಾಮಾನಿನ ಸೆಟ್ ಕೊಳ್ಳಲೇ?
– ಓದುಗರು, ಜಮಖಂಡಿ

ಉತ್ತರ: ಸೆಟ್ ಬೇಡ, ಅದರಲ್ಲಿ ಮುಕ್ಕಾಲು ಪಾಲು ಡಬ್ಬಿಯಲ್ಲೇ ಉಳಿಯುತ್ತದೆ. ಬೆರಳಿನಿಂದ ತಿರುಗಿಸುವ ಕೈಡ್ರಿಲ್, ತೂತು ಕೊರೆಯುವ 0.8 ಮತ್ತು 1 ಮಿ.ಮೀ. ಬಿಟ್‌ಗಳು, ಬಾಗಿದ ಮೂತಿಯ ಚಿಮಟ – ರೊಕ್ಕ ಇವಕ್ಕೆ ಹಾಕಿ. ಪತ್ತಾರರು, ಗಡಿಯಾರ ರಿಪೇರಿಯವರು ಬಳಸುವ ಸಾಮಾನೇ ಇವು. ಎಲ್ಲಿ ಸಿಗುತ್ತವೆಂದು ಅವರನ್ನೇ ಕೇಳಿ. ಉಳಿದದ್ದು ಮನೆಯಲ್ಲಿದೆ: ಹಳೆಯ ಬ್ರಷ್, ಚಹಾ ಸೋಸುವ ಜಾಳಿಗೆ.

ಗೊಂಬೆ ಕಳಚುವುದಕ್ಕೆ ಕಾರಣ, ಫೆವಿಕ್ವಿಕ್‌ನಂಥ ಅಂಟು ಗಟ್ಟಿ ಹಿಡಿದರೂ ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ. ಒಳಗೊಂದು ತಂತಿ ಬೇಕು. ಪಾದದಡಿ ಸೂಜಿಯಿಂದ ಗುರುತು ಚುಚ್ಚಿ, 3-4 ಮಿ.ಮೀ. ಆಳ ಕೊರೆಯಿರಿ. ಹಿಮ್ಮಡಿ ತೆಳುವಾಗಿದ್ದರೆ 0.8ರ ಬಿಟ್ ಸಾಕು. ಎರಡು ಸುತ್ತಿಗೊಮ್ಮೆ ಬಿಟ್ ಹೊರತೆಗೆದು ಪುಡಿ ಕೊಡವಿ; ಪುಡಿ ಸಿಕ್ಕಿಕೊಂಡಾಗ ಒತ್ತಿದರೆ ಬಿಟ್ ಒಳಗೇ ಮುರಿಯುತ್ತದೆ. ತೂತಿಗೆ ಹಿಡಿಸುವ ತಂತಿ ತುಂಡನ್ನು (1 ಮಿ.ಮೀ. ತೂತಿಗೆ ಕಾಗದದ ಸಣ್ಣ ಕ್ಲಿಪ್ ನಡೆಯುತ್ತದೆ) ಅಂಟಿಸಿ, ಪೀಠದಲ್ಲೂ ತೂತು ಕೊರೆದು ಕೂಡಿಸಿ.

ಇನ್ನು ಮಣ್ಣು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದಕ್ಕೇ. ಅಂಟು ಎಷ್ಟೇ ಹಾಕಿದರೂ ಈ ಗುಣ ಹೋಗದು. ನುಣ್ಣನೆಯ ಉಸುಕು ಬಳಸಿ. ಬಾದಾಮಿ ಕಡೆಯ ಮರಳುಗಲ್ಲಿನ ಕೆಂಪು ಉಸುಕು ಸಿಕ್ಕರೆ ಇನ್ನೂ ಚೆಂದ. ಆದರೆ ಗುಡ್ಡದ ಕಲ್ಲಿಗೆ ಕೈ ಹಚ್ಚಬೇಡಿ. ಉಸುಕನ್ನು ತೊಳೆದು, ಪೂರ್ತಿ ಒಣಗಿಸಿ, ಜಾಳಿಗೆಯಲ್ಲಿ ಸೋಸಿ. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ, ಹಳೆಯ ಬ್ರಷ್‌ನಿಂದ ಪಾದದ ಸುತ್ತ ಸವರಿ, ಪೀಠವನ್ನು ಉಸುಕಿನ ಬಟ್ಟಲಲ್ಲಿ ಅದ್ದಿ ತೆಗೆಯಿರಿ. ಅಂಚನ್ನು ಆಗಲೇ ಒದ್ದೆ ಬೆರಳಿಂದ ಒರೆಸಿ, ಇಲ್ಲವಾದರೆ ಒಣಗಿದ ಮೇಲೆ ಕೆರೆಯಬೇಕಾಗುತ್ತದೆ. ರಾತ್ರಿಯಿಡೀ ಬಿಟ್ಟು, ಮೇಲೊಂದು ತೆಳು ಕೈ ಕೊಡಿ: ಒಂದು ಪಾಲು ಅಂಟು, ಮೂರು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಇಲ್ಲದಿದ್ದರೆ ಅಂಟುನೀರು ಉಸುಕಿನೊಳಗೆ ಇಳಿಯದೆ ಮಣಿಯಾಗಿ ನಿಲ್ಲುತ್ತದೆ. ಎರೆಹೊಲದ ನೋಟವೇ ಬೇಕೆಂದರೆ ಉಸುಕಿಗೆ ಕಪ್ಪು-ಕಂದು ಬಣ್ಣ ಹಚ್ಚಿ, ಒಣ ಬ್ರಷ್‌ನಿಂದ ಬೂದಿ ಬಣ್ಣವನ್ನು ಮೇಲೆ ಮೇಲೆ ಸವರಿ. ಪೀಠಕ್ಕೆ ಹುಲ್ಲು ಅಂಟಿಸುವುದಾದರೆ ಕೊನೆಗೆ, ಚಿಮಟದಿಂದ. ಬೆರಳಿಂದ ಒತ್ತಿದರೆ ಮಲಗಿಬಿಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಪ್ಪು ಪೀಠದ ಮೇಲೆ ಬಿಳಿ ಮಸುಕು ಕೂರುತ್ತದೆ. ಯಾಕೆ?
– ಓದುಗರು, ಬೆಳಗಾವಿ

ಉತ್ತರ: ಫೆವಿಕ್ವಿಕ್ ಥರದ ಅಂಟಿನ ಆವಿ ಗಾಳಿಯ ತೇವದೊಡನೆ ಸೇರಿ ಪುಡಿಯಾಗಿ ಕೂರುತ್ತದೆ. ಸೂಜಿ ತುದಿಯಷ್ಟೇ ಅಂಟು ಹಚ್ಚಿ. ಹಸಿ ಇರುವಾಗ ಗೊಂಬೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಬೇಡಿ, ಫ್ಯಾನ್ ಸಣ್ಣಗೆ ಓಡಲಿ. ಬಣ್ಣಕ್ಕೆ ಮೊದಲೇ ಅಂಟಿಸುವುದಾದರೆ ಚಿಂತೆ ಇಲ್ಲ, ಬಣ್ಣದಡಿ ಮಸುಕು ಮುಚ್ಚಿಹೋಗುತ್ತದೆ.