ಪೆಕ್ಕಮ್‌ನಲ್ಲಿ ಸಸ್ಯಾಹಾರಿಗೆ ಊಟ ಸಿಗುತ್ತೆ, ಕೇಳಿ ತಿನ್ನಿ

ಲಂಡನ್ನಿನ ಪೆಕ್ಕಮ್‌ಗೆ ನೈಜೀರಿಯಾದ ಗೆಳೆಯರ ಜೊತೆ ಊಟಕ್ಕೆ ಹೋಗುತ್ತಿದ್ದೇನೆ, ಸಸ್ಯಾಹಾರಿಗೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಲ್ಲ, ಖಂಡಿತ ಸಿಗುತ್ತೆ, ಧೈರ್ಯವಾಗಿ ಹೋಗಿ. ಆದರೆ ಸುಮ್ನೆ "ಮಾಂಸ ಬೇಡ" ಅಂದರೆ ಸಾಲದು. ಕಲ್ಲಂಗಡಿ ಜಾತಿಯ ಬೀಜ ಅರೆದು ಮಾಡುವ ಎಗುಸಿ ಸೂಪಿನಲ್ಲಿ ಮಾಂಸದ ತುಂಡು ಕಾಣದಿದ್ದರೂ ಒಣಮೀನು, ಸಿಗಡಿ ಪುಡಿ ಬಿದ್ದಿರುತ್ತೆ. ಟೊಮೇಟೊ ಹಾಕಿ ಮಾಡುವ ಜೊಲೊಫ್ ಅನ್ನವನ್ನೂ ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ. ಬಿಡಿಸಿ ಕೇಳಿ.

ನಾನಾದರೆ ಮೊದಲು ಅಕಾರಾ ಹೇಳುತ್ತೇನೆ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಈರುಳ್ಳಿ ಮೆಣಸಿನಕಾಯಿ ಹಾಕಿ ರುಬ್ಬಿ, ಹಿಟ್ಟನ್ನು ಚೆನ್ನಾಗಿ ಕಡೆದು ಕರಿದದ್ದು. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ, ನಮ್ಮ ವಡೆಗೆ ತಂಗಿ ಅನ್ನಬೇಕು. ಜೊತೆಗೆ ಡೋಡೋ, ಅಂದರೆ ಮಾಗಿದ ಅಡುಗೆ ಬಾಳೆ (ಪ್ಲಾಂಟೇನ್) ಕರಿದದ್ದು, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಸಿಹಿ ಬಿಟ್ಟುಕೊಂಡಿರುತ್ತೆ.

ಯಾಮ್ ಗೆಡ್ಡೆ ಬೇಯಿಸಿ ಕುಟ್ಟಿದ ಮುದ್ದೆ ಮಾತ್ರ ಬಿಡಬೇಡಿ. ಬಲಗೈಯಲ್ಲಿ ತುತ್ತು ಮುರಿದು, ಅದ್ದಿ, ಅಗಿಯದೆ ನುಂಗೋದು. ರಾಗಿ ಮುದ್ದೆ ತಿಂದು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ಅದ್ದಿಕೊಳ್ಳೋಕೆ ಸೊಪ್ಪಿನ ಎಫೊ ರಿರೊ ಚೆನ್ನ, ಮೀನು ಹಾಕದೆ ಮಾಡಿಕೊಡುತ್ತಾರಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಬಿಡಿ. ಖಾರ ಜಾಸ್ತಿ ಇರುತ್ತೆ, ಪಕ್ಕದಲ್ಲಿ ನೀರಿರಲಿ.